ಲಿಂಗ್‌ಚೂ: ದೋಣಿಗಳು ದಿಬ್ಬ ಹತ್ತಿ ಇಳಿದ ಕಾಲುವೆ

ಚೀನಾದ ದಕ್ಷಿಣದಲ್ಲಿ, ಗುವಾಂಗ್‌ಶಿ ಪ್ರದೇಶದ ಶಿಂಗ್‌ಆನ್ ಎಂಬ ಊರಿನ ಹತ್ತಿರ ಎರಡು ನದಿಗಳು ಒಂದಕ್ಕೊಂದು ಬೆನ್ನು ಹಾಕಿ ಹರಿಯುತ್ತವೆ. ಒಂದು ಶಿಯಾಂಗ್. ಅದು ಉತ್ತರಕ್ಕೆ ಹೋಗಿ ಡೊಂಗ್‌ಟಿಂಗ್ ಸರೋವರ ಸೇರುತ್ತದೆ, ಅಲ್ಲಿಂದ ಯಾಂಗ್‌ತ್ಸೆ ನದಿಗೆ. ಇನ್ನೊಂದು ಲಿ. ಅದು ದಕ್ಷಿಣಕ್ಕೆ ಇಳಿದು, ಗುಯ್ಲಿನ್ ನಗರ ದಾಟಿ, ಬೇರೆ ಬೇರೆ ನದಿಗಳ ಜೊತೆ ಕೂಡಿ, ಕೊನೆಗೆ ಪರ್ಲ್ ನದಿಯಾಗಿ ಗುವಾಂಗ್‌ಝೋ ಬಳಿ ಸಮುದ್ರ ಸೇರುತ್ತದೆ. ಒಂದೇ ಮಳೆ ಬಿದ್ದರೂ ದಿಬ್ಬದ ಈ ಕಡೆ ಬಿದ್ದ ಹನಿ ಶಾಂಘೈ ಕಡೆಗೆ, ಆ ಕಡೆ ಬಿದ್ದದ್ದು ಹಾಂಗ್‌ಕಾಂಗ್ ಕಡೆಗೆ.

ಉತ್ತರದಿಂದ ದೋಣಿಯಲ್ಲಿ ಬಂದವರು ಶಿಯಾಂಗ್ ನದಿಯಲ್ಲಿ ಇಲ್ಲಿಯ ತನಕ ಬರಬಹುದಿತ್ತು. ಇಲ್ಲಿ ದೋಣಿ ನಿಲ್ಲಿಸಿ, ಸಾಮಾನು ಇಳಿಸಿ, ಹೊತ್ತು ದಿಬ್ಬ ದಾಟಿ, ಆ ಕಡೆ ಇನ್ನೊಂದು ದೋಣಿಗೆ ತುಂಬಬೇಕಿತ್ತು. ಕ್ರಿ.ಪೂ. 214ರ ಹೊತ್ತಿಗೆ ಆ ಅಡ್ಡಿ ಹೋಯಿತು. ಕೈಯಿಂದಲೇ ಅಗೆದ ಒಂದು ಕಾಲುವೆ ಎರಡೂ ನದಿಗಳನ್ನು ಕೂಡಿಸಿತು. ಅದರ ಹೆಸರು ಲಿಂಗ್‌ಚೂ. ಉದ್ದ 36 ಕಿಲೋಮೀಟರ್ ಚಿಲ್ಲರೆ. ಇಂದಿಗೂ ಅದರಲ್ಲಿ ನೀರು ಹರಿಯುತ್ತಿದೆ.

ಕಾಲುವೆ ಅಂದ ಕೂಡಲೇ ನಮಗೆ ಅಗೆತದ ನೆನಪು ಬರುತ್ತದೆ, ಅಲ್ವಾ? ಎಷ್ಟು ಜನ, ಎಷ್ಟು ಮಣ್ಣು, ಎಷ್ಟು ವರ್ಷ ಅಂತ. ಲಿಂಗ್‌ಚೂ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅಗೆತಕ್ಕಿಂತ ಜಾಸ್ತಿ ಅದರ ಲೆಕ್ಕಾಚಾರ. ನೀರು ಎತ್ತರದಿಂದ ತಗ್ಗಿಗೆ ಮಾತ್ರ ಹರಿಯುತ್ತದೆ. ಹಾಗಿದ್ದ ಮೇಲೆ ಒಂದು ನದಿಯಿಂದ ಹೊರಟ ದೋಣಿ ದಿಬ್ಬ ಏರಿ ಇನ್ನೊಂದು ನದಿಗೆ ಇಳಿಯುವುದು ಹೇಗೆ? ಪಂಪು ಇಲ್ಲ, ಮೋಟರು ಇಲ್ಲ, ಸಿಮೆಂಟು ಇಲ್ಲ. ಇದನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಸೈನ್ಯದ ಹೊಟ್ಟೆಗಾಗಿ

ಈ ಕಾಲುವೆ ವ್ಯಾಪಾರಕ್ಕೆ ಅಂತ ಹುಟ್ಟಿದ್ದಲ್ಲ, ಬೇಸಾಯಕ್ಕೂ ಅಲ್ಲ. ಯುದ್ಧಕ್ಕೆ ಹುಟ್ಟಿದ್ದು.

ಕ್ರಿ.ಪೂ. 221ರಲ್ಲಿ ಚಿನ್ ಶಿ ಹುವಾಂಗ್ ಎದುರಾಳಿ ರಾಜ್ಯಗಳನ್ನೆಲ್ಲ ಗೆದ್ದು ಚೀನಾದ ಮೊದಲ ಚಕ್ರವರ್ತಿಯಾದ. ಆಮೇಲೆ ಅವನ ಕಣ್ಣು ದಕ್ಷಿಣದ ಬೆಟ್ಟಗಳ ಆಚೆಗೆ ಬಿತ್ತು. ಅಲ್ಲಿ ಯುವೆ ಎಂದು ಕರೆಯುತ್ತಿದ್ದ ಹಲವು ಬುಡಕಟ್ಟುಗಳ ಜನ ಇದ್ದರು. ಮುಂದಿನ ಹಾನ್ ಕಾಲದ ಬರಹವೊಂದರ ಪ್ರಕಾರ ಚಕ್ರವರ್ತಿ 5 ಲಕ್ಷ ಸೈನಿಕರನ್ನು ಐದು ದಂಡು ಮಾಡಿ ಕಳಿಸಿದ. ಈ ಸಂಖ್ಯೆಯನ್ನು ಹಾಗೆಯೇ ನಂಬಬೇಕಾಗಿಲ್ಲ, ಹಳೆಯ ಕಾಲದ ಸೈನ್ಯದ ಲೆಕ್ಕಗಳು ಉಬ್ಬಿಯೇ ಇರುತ್ತವೆ. ಆದರೆ ಅದೇ ಬರಹ ಹೇಳುವ ಇನ್ನೊಂದು ಮಾತು ನಂಬುವ ಹಾಗಿದೆ. ಮೂರು ವರ್ಷ ಸೈನಿಕರು ಕವಚ ಬಿಚ್ಚಲಿಲ್ಲ, ಬಿಲ್ಲಿನ ಹೆದೆ ಇಳಿಸಲಿಲ್ಲ. ಯುವೆ ಜನ ಸೋಲೊಪ್ಪದೆ ಕಾಡು ಸೇರಿದರು. ರಾತ್ರಿ ಹೊತ್ತು ದಾಳಿ ಮಾಡಿದರು. ಚಿನ್ ಸೇನಾಪತಿ ತು ಸುಯ್ ಸತ್ತದ್ದು ಯುವೆ ಜನರ ಕೈಯಲ್ಲೇ.

ಹೊಡೆದಾಟದ ಜೊತೆಗೆ ಊಟದ ಸಮಸ್ಯೆಯೂ ಇತ್ತು. ಒಬ್ಬ ಆಳು 30 ಕಿಲೋ ಧಾನ್ಯ ಹೊರುತ್ತಾನೆ, ದಿನಕ್ಕೆ ಒಂದು ಕಿಲೋ ತಿನ್ನುತ್ತಾನೆ ಅಂತ ಇಟ್ಟುಕೊಳ್ಳಿ. ಹೋಗಲು 10 ದಿನ, ಬರಲು 10 ದಿನ ಆದರೆ ಅವನು ತಿಂದು ಉಳಿಯುವುದು 10 ಕಿಲೋ. 15 ದಿನದ ದಾರಿಯಾದರೆ ಸೈನಿಕನಿಗೆ ತಲುಪುವುದು ಸೊನ್ನೆ. ದೋಣಿಯಲ್ಲಿ ಹಾಗಲ್ಲ. ನಾಲ್ಕೈದು ಜನ ನೂರಾರು ಮೂಟೆ ಸಾಗಿಸಬಹುದು.

ಹಾಗಾಗಿ ಲು ಎಂಬ ಅಧಿಕಾರಿಗೆ ಅಪ್ಪಣೆಯಾಯಿತು: ಕಾಲುವೆ ತೋಡು, ಧಾನ್ಯ ಸಾಗಿಸು. ಅವನ ಮನೆತನದ ಹೆಸರು ಕೂಡ ಇತಿಹಾಸದಲ್ಲಿ ಉಳಿದಿಲ್ಲ. ಮುಂದಿನವರು ಅವನನ್ನು ಶಿ ಲು ಎಂದು ಕರೆದರು. ಅಗೆದವರು ಸೈನಿಕರೇ ಅಂತ ಹಳೆಯ ಬರಹ ಹೇಳುತ್ತದೆ. ಕ್ರಿ.ಪೂ. 214ರಲ್ಲಿ ಯುವೆ ನಾಡನ್ನು ಹಿಡಿಯಲು ಕಳಿಸಿದ ಹೊಸ ಜನ ಯಾರು ಗೊತ್ತಾ? ಊರು ಬಿಟ್ಟು ಓಡಿಹೋಗಿ ಸಿಕ್ಕಿಬಿದ್ದವರು, ಮನೆ ಅಳಿಯಂದಿರು, ವ್ಯಾಪಾರಿಗಳು. ಚಿನ್ ಆಡಳಿತದ ಕಣ್ಣಿಗೆ ಇವರೆಲ್ಲ ಕೀಳು ಜನ. ಹೆಂಡತಿಯ ಮನೆಯಲ್ಲಿ ಇದ್ದ ತಪ್ಪಿಗೆ ಒಬ್ಬ ಬಡ ಹುಡುಗ ಸಾವಿರ ಮೈಲಿ ದೂರದ ಯುದ್ಧಕ್ಕೆ ಹೋಗಬೇಕಾಯಿತು. ಆ ವರ್ಷವೇ ದಕ್ಷಿಣದಲ್ಲಿ ಚಿನ್ ಸಾಮ್ರಾಜ್ಯದ ಮೂರು ಹೊಸ ಆಡಳಿತ ವಿಭಾಗಗಳು ಆದವು. ಗೆದ್ದವರ ಬರಹದಲ್ಲಿ ಯುವೆ ಜನರ ಮಾತು ಒಂದೂ ಇಲ್ಲ. ಈ ಕಾಲುವೆಯ ಜಾಣ್ಮೆಯನ್ನು ಹೊಗಳುವಾಗ ಇದನ್ನು ಬಿಟ್ಟು ಮಾತಾಡುವುದು ಸರಿಯಲ್ಲ ಅನ್ನಿಸುತ್ತದೆ.

ಹತ್ತಿರದ ಜಾಗ ಬಿಟ್ಟು ದೂರ ಹೋದದ್ದೇಕೆ

ಈಗ ನಕ್ಷೆಗೆ ಬರೋಣ. ಶಿಯಾಂಗ್ ನದಿಯ ಮೇಲಿನ ಭಾಗಕ್ಕೆ ಹೈಯಾಂಗ್ ಹೊಳೆ ಅನ್ನುತ್ತಾರೆ. ಲಿ ನದಿ ಕಡೆಗೆ ಹರಿಯುವ ಒಂದು ಸಣ್ಣ ಹಳ್ಳದ ಹೆಸರು ಶಿಆನ್. ಶಿಂಗ್‌ಆನ್ ಊರಿನ ಬಳಿ ಇವೆರಡೂ ತೀರ ಹತ್ತಿರ ಬರುತ್ತವೆ. ನಡುವಿನ ದೂರ ಸುಮಾರು 1.7 ಕಿಲೋಮೀಟರ್ ಅಷ್ಟೇ. ಮಧ್ಯೆ ಇರುವ ಗುಡ್ಡವೂ ದೊಡ್ಡದಲ್ಲ, 20–30 ಮೀಟರ್ ಎತ್ತರ.

ಯಾರಾದರೂ ಏನು ಮಾಡುತ್ತಾರೆ? ಅಲ್ಲೇ ಗುಡ್ಡ ಕಡಿದು ನೇರವಾಗಿ ಕೂಡಿಸುತ್ತಾರೆ. ಹಾಗೆ ಮಾಡಿದ್ದರೆ ಕೆಲಸ ಕೆಡುತ್ತಿತ್ತು. ಏಕೆಂದರೆ ಆ ಜಾಗದಲ್ಲಿ ಶಿಆನ್ ಹಳ್ಳವೇ ಮೇಲೆ, ಶಿಯಾಂಗ್ ನದಿ ಕೆಳಗೆ. ಎತ್ತರದ ವ್ಯತ್ಯಾಸ ಹತ್ತಿರ ಹತ್ತಿರ 6 ಮೀಟರ್. ಗುಡ್ಡ ಕಡಿದ ಕೂಡಲೇ ಆ ಬಡಪಾಯಿ ಹಳ್ಳದ ನೀರೆಲ್ಲ ಶಿಯಾಂಗ್‌ಗೆ ಸುರಿದು ಹೋಗುತ್ತಿತ್ತು. ದಕ್ಷಿಣಕ್ಕೆ ದೋಣಿ ತೇಲಿಸಲು ನೀರೇ ಇರುತ್ತಿರಲಿಲ್ಲ.

ಸರಿ, ನದಿಗೆ ಅಲ್ಲೇ 6 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ ನೀರನ್ನು ಮೇಲೆ ಎತ್ತಬಹುದಿತ್ತಲ್ಲ? ಅದೂ ಕಷ್ಟ. ಅಷ್ಟು ಎತ್ತರದ ಕಟ್ಟೆಯನ್ನು ಅಂದಿನ ಸಾಮಾನಿನಲ್ಲಿ ಕಟ್ಟಿ ಮಳೆಗಾಲದ ನೆರೆಯ ಎದುರು ನಿಲ್ಲಿಸುವುದು ಆಗದ ಮಾತು. ಕಟ್ಟಿದರೂ ಸುತ್ತಲಿನ ಜಮೀನು ಮುಳುಗುತ್ತಿತ್ತು.

ಅವರು ಮಾಡಿದ ಉಪಾಯ ಬೇರೆ. ನದಿಯ ಮೇಲ್ಭಾಗಕ್ಕೆ ಸುಮಾರು 2.3 ಕಿಲೋಮೀಟರ್ ನಡೆದುಹೋದರು. ಮೇಲಕ್ಕೆ ಹೋದಷ್ಟೂ ನದಿಯ ತಳವೇ ಎತ್ತರವಾಗುತ್ತದೆ. ಅಲ್ಲಿ ಒಂದು ಗಿಡ್ಡ ಒಡ್ಡು ಹಾಕಿದರೆ ಸಾಕು, ನೀರು ಶಿಆನ್ ಹಳ್ಳದ ಮಟ್ಟಕ್ಕಿಂತ ಮೇಲೆ ಬರುತ್ತದೆ. ಅಲ್ಲಿಂದ ಕಾಲುವೆಯನ್ನು ಗುಡ್ಡದ ಪಕ್ಕದಲ್ಲೇ, ಎತ್ತರ ಹೆಚ್ಚು ಬಿಟ್ಟುಕೊಡದ ಹಾಗೆ, ತೀರ ಕಡಿಮೆ ಇಳಿಜಾರಿನಲ್ಲಿ ತಂದರು. ಗುಡ್ಡದ ಸೊಂಟ ತೆಳ್ಳಗಿರುವ ಕಡೆ ಕಡಿದು ಹಳ್ಳಕ್ಕೆ ಕೂಡಿಸಿದರು. ಪಕ್ಕದಲ್ಲೇ ನದಿ ಕೆಳಗೆ ಕೆಳಗೆ ಇಳಿಯುತ್ತಾ ಹೋಗುತ್ತದೆ, ಕಾಲುವೆ ಮಾತ್ರ ಮೇಲೆಯೇ ಉಳಿಯುತ್ತದೆ.

ದೋಣಿ ದಿಬ್ಬ ಏರಿದ ಗುಟ್ಟಿನ ಮೊದಲ ಅರ್ಧ ಇದು. ಭೂಮಿಯ ಎತ್ತರ ತಗ್ಗನ್ನು ಬರೀ ಕಣ್ಣಿನಲ್ಲಿ ನೋಡಿದರೆ ಇದು ಹೊಳೆಯುವುದಿಲ್ಲ. ಸುಮ್ನೆ ಯೋಚನೆ ಮಾಡಿ, ಎರಡು ಕಿಲೋಮೀಟರಿನಲ್ಲಿ ಕೆಲವೇ ಮೀಟರ್ ವ್ಯತ್ಯಾಸ, ನಡುವೆ ಕಾಡು ಗುಡ್ಡ. ಅದನ್ನು ಅಳೆದು, ಇಲ್ಲೇ ಒಡ್ಡು ಹಾಕಬೇಕು ಎಂದು ತೀರ್ಮಾನ ಮಾಡಿದ ಮನುಷ್ಯ ಯಾರೋ, ಅವನ ಮುಂದೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಲಿ ನದಿಯ ಕಡೆಗೆ ಹೋಗುವ ಈ ದಕ್ಷಿಣದ ಕಾಲುವೆ ಒಟ್ಟು 33 ಕಿಲೋಮೀಟರ್. ಇದರಲ್ಲಿ ಪೂರ್ತಿ ಕೈಯಿಂದ ತೋಡಿದ್ದು ಮೊದಲ ನಾಲ್ಕೈದು ಕಿಲೋಮೀಟರ್ ಮಾತ್ರ. ಮುಂದೆಲ್ಲ ಇದ್ದ ಹಳ್ಳ ತೊರೆಗಳನ್ನೇ ಅಗಲ ಮಾಡಿ, ಆಳ ಮಾಡಿ, ನೇರ್ಪು ಮಾಡಿಕೊಂಡರು. ಹೊಸದಾಗಿ ಅಗೆಯುವುದು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು ಎಂಬ ವಿವೇಕ ಅದು.

ನೇಗಿಲ ಗುಳ ಮತ್ತು ಎರಡು ತಕ್ಕಡಿ

ನದಿ ಎರಡಾಗುವ ಜಾಗದಲ್ಲಿ ನೀರಿನ ನಡುವೆ ಕಲ್ಲಿನ ಒಂದು ಚೂಪು ಕಟ್ಟೆ ಇದೆ. ಅದು ಹೊಳೆ ಬರುವ ದಿಕ್ಕಿಗೆ ಮುಖ ಮಾಡಿ ನಿಂತಿದೆ. ಆಕಾರ ನೇಗಿಲ ಗುಳದ ಹಾಗೆ, ಹೆಸರೂ ಅದೇ. ಬರುವ ನೀರನ್ನು ಅದು ಸೀಳಿ ಎರಡು ಪಾಲು ಮಾಡುತ್ತದೆ.

ಗುಳದ ಹಿಂದೆ ನದಿಗೆ ಅಡ್ಡವಾಗಿ ಎರಡು ಗಿಡ್ಡ ಒಡ್ಡುಗಳು ಓರೆಯಾಗಿ ಹೊರಟು ಎರಡು ದಡ ಮುಟ್ಟುತ್ತವೆ. ಉತ್ತರದ ಕಡೆಯದ್ದು ದೊಡ್ಡ ತಕ್ಕಡಿ, ಸುಮಾರು 340 ಮೀಟರ್ ಉದ್ದ. ದಕ್ಷಿಣದ್ದು ಸಣ್ಣ ತಕ್ಕಡಿ, ಸುಮಾರು 130 ಮೀಟರ್. ಇವು ತಡೆದ ನೀರಿನಲ್ಲಿ ಒಂದು ಪಾಲು ಉತ್ತರದ ಕಾಲುವೆಗೆ ಹೋಗಿ ಮತ್ತೆ ಶಿಯಾಂಗ್ ಸೇರುತ್ತದೆ. ಇನ್ನೊಂದು ಪಾಲು ದಕ್ಷಿಣದ ಕಾಲುವೆಗೆ, ಅಲ್ಲಿಂದ ಲಿ ನದಿಗೆ. ಊರಿನವರ ಹಳೆಯ ಲೆಕ್ಕದಲ್ಲಿ ಏಳು ಪಾಲು ಶಿಯಾಂಗ್‌ಗೆ, ಮೂರು ಪಾಲು ಲಿಗೆ.

ತಕ್ಕಡಿ ಅನ್ನುವುದು ಬರೀ ಚಂದಕ್ಕೆ ಇಟ್ಟ ಹೆಸರಲ್ಲ. ಈ ಒಡ್ಡುಗಳು ಬೇಕೆಂದೇ ಗಿಡ್ಡ. ಬೇಸಗೆಯಲ್ಲಿ ಹೊಳೆಯ ನೀರು ಕಡಿಮೆ ಇದ್ದಾಗ ಅದನ್ನೆಲ್ಲ ತಡೆದು ಕಾಲುವೆಗಳಿಗೆ ಕಳಿಸುತ್ತವೆ. ಮಳೆಗಾಲದಲ್ಲಿ ನೆರೆ ಬಂದಾಗ ಹೆಚ್ಚಾದ ನೀರು ಒಡ್ಡಿನ ಮೇಲೆ ಹರಿದು ಹಿಂದಿನ ಹಳೆಯ ನದಿಪಾತ್ರಕ್ಕೆ ಬೀಳುತ್ತದೆ. ಅಂದರೆ ಇಡೀ ಒಡ್ಡೇ ಒಂದು ಕೋಡಿ. ಯಾರೂ ಬಾಗಿಲು ತೆಗೆಯಬೇಕಾಗಿಲ್ಲ, ಮುಚ್ಚಬೇಕಾಗಿಲ್ಲ. ಕಾಲುವೆಯಲ್ಲಿ ನೀರಿನ ಮಟ್ಟ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಸಮ.

ಒಡ್ಡನ್ನು ನೇರವಾಗಿ ಕಟ್ಟದೆ ಓರೆಯಾಗಿ ಕಟ್ಟಿದ್ದಕ್ಕೂ ಕಾರಣ ಇದೆ. ಓರೆ ಮಾಡಿದರೆ ಅದೇ ನದಿಯ ಅಗಲಕ್ಕೆ ಒಡ್ಡಿನ ಉದ್ದ ಜಾಸ್ತಿ ಸಿಗುತ್ತದೆ. ಉದ್ದ ಜಾಸ್ತಿ ಆದಷ್ಟೂ ನೆರೆ ನೀರು ತೆಳ್ಳಗೆ ಹರಡಿಕೊಂಡು ದಾಟುತ್ತದೆ, ಒಂದೇ ಕಡೆ ನುಗ್ಗಿ ಕೊರೆಯುವುದಿಲ್ಲ. ಜೊತೆಗೆ ನೀರಿನ ಹೊಡೆತ ಎದೆಗೆ ನೇರವಾಗಿ ಬೀಳದೆ ಪಕ್ಕಕ್ಕೆ ಜಾರಿ ಕಾಲುವೆಯ ಬಾಯಿಯ ಕಡೆಗೆ ಹೋಗುತ್ತದೆ.

ಒಡ್ಡಿನ ಮೈಯನ್ನು ಹತ್ತಿರದಿಂದ ನೋಡಿದರೆ ಇನ್ನೂ ಸೊಗಸು. ನೀರು ಇಳಿದು ಬೀಳುವ ಬೆನ್ನಿನ ಕಡೆ ಉದ್ದನೆಯ ಕಲ್ಲಿನ ಚಪ್ಪಡಿಗಳನ್ನು ಮಲಗಿಸಿಲ್ಲ, ಅಂಚಿನ ಮೇಲೆ ಒತ್ತೊತ್ತಾಗಿ ನೆಟ್ಟಿದ್ದಾರೆ. ಮೇಲಿನಿಂದ ಕಲ್ಲಿನ ತುದಿಗಳು ಮಾತ್ರ ಕಾಣುತ್ತವೆ. ಇವಕ್ಕೆ ಮೀನಿನ ಹುರುಪೆ ಕಲ್ಲು ಅನ್ನುತ್ತಾರೆ. ನೆರೆ ನೀರು ತರುವ ಮರಳು, ಕೆಸರು ಸಂದುಗಳಲ್ಲಿ ತುಂಬಿಕೊಂಡು ಕಲ್ಲುಗಳನ್ನು ಇನ್ನೂ ಬಿಗಿ ಮಾಡುತ್ತದೆ. ಒಡ್ಡಿನ ನೆತ್ತಿಯ ದೊಡ್ಡ ಕಲ್ಲುಗಳನ್ನು ಒಂದಕ್ಕೊಂದು ಕಬ್ಬಿಣದ ಕೊಂಡಿ ಹಾಕಿ ಬಿಗಿದಿದ್ದಾರೆ. ಕೊಂಡಿಯ ಎರಡು ತುದಿ ಅಗಲ, ನಡು ಸಣ್ಣ, ಹಾಗಾಗಿ ಕಲ್ಲು ಬಿಟ್ಟುಕೊಳ್ಳುವುದಿಲ್ಲ. ಅಡಿಪಾಯಕ್ಕೆ ಪೈನ್ ಮರದ ಗೂಟಗಳು. ಗಾಳಿ ತಾಗದೆ ನೀರಿನೊಳಗೆ ಮುಳುಗಿಯೇ ಇದ್ದರೆ ಆ ಮರ ಕೊಳೆಯುವುದಿಲ್ಲ.

ಇಂದು ಕಣ್ಣಿಗೆ ಬೀಳುವ ಕಲ್ಲುಗಳಲ್ಲಿ ಬಹುಪಾಲು ಚಿನ್ ಕಾಲದವಲ್ಲ. ಮುಂದೆ ಬಂದ ರಾಜವಂಶಗಳ ಕಾಲದ ರಿಪೇರಿಯಲ್ಲಿ ಸೇರಿದವು. ಗುಳದ ಕಟ್ಟೆಯ ವಿಷಯ ಬರಹದಲ್ಲಿ ಸ್ಪಷ್ಟವಾಗಿ ಬರುವುದೇ 9ನೆಯ ಶತಮಾನದಲ್ಲಿ. ಚಿನ್ ಕಾಲದ್ದೆಂದು ಗಟ್ಟಿಯಾಗಿ ಹೇಳಬಹುದಾದದ್ದು ಕಾಲುವೆ ಮತ್ತು ಅದರ ದಾರಿ.

ಇನ್ನು ಉತ್ತರದ ಕಾಲುವೆ. ಒಡ್ಡು ಹಾಕಿದ ಮೇಲೆ ಶಿಯಾಂಗ್‌ನ ಹಳೆಯ ಪಾತ್ರದಲ್ಲಿ ದೋಣಿ ಬರುವಂತಿಲ್ಲ. ಅದಕ್ಕೇ ಪಕ್ಕದಲ್ಲಿ ಮೂರೂ ಚಿಲ್ಲರೆ ಕಿಲೋಮೀಟರಿನ ಇನ್ನೊಂದು ಕಾಲುವೆ. ನೇರವಾಗಿ ತೋಡಿದ್ದರೆ ಇದಕ್ಕಿಂತ ಎಷ್ಟೋ ಗಿಡ್ಡ ಆಗುತ್ತಿತ್ತು. ಆದರೆ ಇಳಿಜಾರು ಕಡಿದಾಗಿ, ನೀರಿನ ಸೆಳೆತಕ್ಕೆ ದೋಣಿ ಮೇಲೆ ಬರಲಾಗುತ್ತಿರಲಿಲ್ಲ. ಹಾಗಾಗಿ ಬೇಕೆಂದೇ ಆಗುಂಬೆ ಘಾಟಿಯ ರಸ್ತೆಯ ಹಾಗೆ ಸುತ್ತು ಸುತ್ತಾಗಿ ತಂದಿದ್ದಾರೆ. ದಾರಿ ಉದ್ದವಾಯಿತು, ಏರು ಸಲೀಸಾಯಿತು.

ಬಿದಿರ ಚಾಪೆಯ ಬಾಗಿಲು

ಇಷ್ಟೆಲ್ಲ ಮಾಡಿದರೂ ಒಂದು ತೊಂದರೆ ಉಳಿಯುತ್ತದೆ. ದಕ್ಷಿಣದ ಕಾಲುವೆ ಲಿ ನದಿ ಸೇರುವ ಹೊತ್ತಿಗೆ ಸುಮಾರು 30 ಮೀಟರ್ ಇಳಿಯುತ್ತದೆ. ಮೂರು ಪಾಲು ನೀರು ಅಂದರೆ ಅದು ಜಾಸ್ತಿ ಏನಲ್ಲ. ಇಳಿಜಾರಿನಲ್ಲಿ ಅದು ಬೇಗ ಓಡಿಹೋಗುತ್ತದೆ, ಕಾಲುವೆಯ ತಳ ಕಾಣುತ್ತದೆ, ತುಂಬಿದ ದೋಣಿ ಕಲ್ಲಿಗೆ ತಾಗಿ ನಿಲ್ಲುತ್ತದೆ.

ಟಾಂಗ್ ಕಾಲದ ಹೊತ್ತಿಗೆ ಕಾಲುವೆ ಹದಗೆಟ್ಟು ಹೋಗಿತ್ತು. ದೋಣಿಯನ್ನು ಹಗ್ಗ ಕಟ್ಟಿ ಎಳೆದು, ಭುಜ ಕೊಟ್ಟು ನೂಕಿ, ಇಂಚಿಂಚು ಮುಂದೆ ಸಾಗಿಸಬೇಕಿತ್ತು. ಆ ಬಿಟ್ಟಿ ಕೆಲಸ ಬೀಳುತ್ತಿದ್ದದ್ದು ಅಕ್ಕಪಕ್ಕದ ಹಳ್ಳಿಯವರ ಮೇಲೆ. 825ರಲ್ಲಿ ಗುಯ್ಲಿನ್‌ನ ಅಧಿಕಾರಿ ಲಿ ಬೊ ಇದಕ್ಕೆ ಒಂದು ಪರಿಹಾರ ತಂದ. ಕಾಲುವೆಗೆ ಅಲ್ಲಲ್ಲಿ ಬಾಗಿಲು ಹಾಕಿಸಿದ.

ಈ ಬಾಗಿಲು ನೋಡಲು ಬಹಳ ಸರಳ. ಕಾಲುವೆಯ ಎರಡು ದಡದಿಂದ ಅರ್ಧ ಚಂದ್ರಾಕಾರದ ಎರಡು ಕಲ್ಲಿನ ಕಟ್ಟೆ ಮುಂದೆ ಚಾಚಿರುತ್ತವೆ. ಅವುಗಳ ನಡುವೆ ಐದಾರು ಮೀಟರಿನ ಸಂದು, ಒಂದು ದೋಣಿ ಹೋಗುವಷ್ಟು. ಈ ಸಂದನ್ನು ಮುಚ್ಚಲು ಬೇಕಾದ ಸಾಮಾನು ಕೆಲವು ಮರದ ತೊಲೆ, ಮೂರು ಕಾಲಿನ ಮರದ ಊರೆಗಳು, ಬಿದಿರ ತಟ್ಟಿ, ಬಿದಿರ ಚಾಪೆ. ಕಲ್ಲಿನ ಕಟ್ಟೆಯಲ್ಲಿ ತೂತು ಕೊರೆದಿರುತ್ತಾರೆ. ಅದಕ್ಕೆ ತೊಲೆಗಳ ತುದಿ ಸಿಕ್ಕಿಸಿ ಕಾಲುವೆಗೆ ಅಡ್ಡವಾಗಿ ಇಡುತ್ತಾರೆ. ತೊಲೆಗೆ ಊರೆಗಳನ್ನು ಸಾಲಾಗಿ ಒರಗಿಸುತ್ತಾರೆ. ಅದರ ಮೇಲೆ ತಟ್ಟಿ, ತಟ್ಟಿಯ ಮೇಲೆ ಚಾಪೆ. ನೀರಿನ ಒತ್ತಡವೇ ಚಾಪೆಯನ್ನು ತಟ್ಟಿಗೆ ಅಮುಕಿ ಹಿಡಿಯುತ್ತದೆ. ಸ್ವಲ್ಪ ಸೋರುತ್ತದೆ, ಸೋರಲಿ. ನೋಡನೋಡುತ್ತ ಬಾಗಿಲ ಹಿಂದೆ ನೀರು ಏರುತ್ತದೆ.

ತೆಗೆಯುವುದು ಇನ್ನೂ ಸುಲಭ. ತೊಲೆಗಳನ್ನು ಬಿಗಿದು ನಿಲ್ಲಿಸಿದ ಒಂದು ಸಣ್ಣ ಅಡ್ಡಮರ ಇರುತ್ತದೆ. ಅದನ್ನು ಹೊಡೆದು ಕಳಚಿದರೆ ಸಾಕು, ನೀರಿನ ಜೋರಿಗೆ ಇಡೀ ಬಾಗಿಲು ತಾನೇ ಬಿಚ್ಚಿಕೊಳ್ಳುತ್ತದೆ. ಕೆಳಗೆ ಹೋಗುವ ದೋಣಿ ಆ ನೀರಿನ ಅಲೆಯ ಜೊತೆಗೇ ಜಾರಿ ಹೋಗುತ್ತದೆ.

ಮೇಲೆ ಬರುವ ದೋಣಿ? 12ನೆಯ ಶತಮಾನದಲ್ಲಿ ಗುಯ್ಲಿನ್‌ನಲ್ಲಿ ಅಧಿಕಾರಿಯಾಗಿದ್ದ ಝೋ ಚೂಫೆಯ್ ಇದನ್ನು ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ. ಆಗ ಅಲ್ಲಿ 36 ಬಾಗಿಲು ಇದ್ದವು. ದೋಣಿ ಒಂದು ಬಾಗಿಲು ದಾಟಿದ ಮೇಲೆ ಅದನ್ನು ಮುಚ್ಚುತ್ತಾರೆ. ಮುಂದಿನಿಂದ ಬರುವ ನೀರು ನಿಂತು ಮಟ್ಟ ಏರುತ್ತದೆ, ದೋಣಿಯೂ ಅದರ ಜೊತೆ ಏರುತ್ತದೆ. ಆಮೇಲೆ ಮುಂದಿನ ಬಾಗಿಲು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ದೋಣಿ ಮೇಲಕ್ಕೆ. ದಿಬ್ಬ ಏರಿದ ಗುಟ್ಟಿನ ಉಳಿದ ಅರ್ಧ ಇದು. ಹಿಂದೆ ಮುಚ್ಚು, ನೀರು ತುಂಬಿಸು, ಮುಂದೆ ನಡೆ. ಪನಾಮಾ ಕಾಲುವೆಯಲ್ಲಿ ಇಂದು ದೊಡ್ಡ ದೊಡ್ಡ ಹಡಗು ಏರಿ ಇಳಿಯುವುದೂ ಈ ಕ್ರಮದಲ್ಲೇ. ಅಲ್ಲಿ ಎರಡು ಬಾಗಿಲುಗಳ ನಡುವೆ ಒಂದು ಗಟ್ಟಿ ತೊಟ್ಟಿ ಇರುತ್ತದೆ ಅಷ್ಟೇ. ಅಂಥ ಜೋಡಿ ಬಾಗಿಲಿನ ಲಾಕ್ ಅನ್ನು 984ರಲ್ಲಿ ಚಿಯಾವ್ ವೇಯ್‌ಯುಎ ಎಂಬ ಅಧಿಕಾರಿ ಚೀನಾದ ಮಹಾ ಕಾಲುವೆಯಲ್ಲಿ ಕಟ್ಟಿಸಿದ.

ಬಾಗಿಲು ತೆಗೆದು ಹಾಕುವವರ ಪಾಡು ನೆನೆಸಿಕೊಳ್ಳಿ. ಪ್ರತಿ ದೋಣಿಗೂ ತೊಲೆ ಎತ್ತಬೇಕು, ಚಾಪೆ ಹಾಸಬೇಕು, ಹೊಡೆದು ಬಿಚ್ಚಬೇಕು, ತೇಲಿಹೋದ ಸಾಮಾನನ್ನು ಹಿಡಿದು ತರಬೇಕು. ಚಳಿಗಾಲದ ನೀರಿನಲ್ಲಿ ಸೊಂಟ ಮಟ್ಟ ನಿಂತು ಈ ಕೆಲಸ.

ಕಟ್ಟಿದವನೊಬ್ಬ, ಉಳಿಸಿದವರು ನೂರಾರು

ಇಂಥ ಹಳೆಯ ಕೆಲಸಗಳ ಬಗ್ಗೆ ಮಾತು ಬಂದರೆ ಕಟ್ಟಿಸಿದ ರಾಜನ ಹೆಸರಷ್ಟೇ ಕೇಳಿಬರುತ್ತದೆ. ಲಿಂಗ್‌ಚೂ 2200 ವರ್ಷ ಬದುಕಿದ್ದು ರಿಪೇರಿಯಿಂದ. ಚಿನ್ ಸಾಮ್ರಾಜ್ಯ ಕಾಲುವೆ ಆದ ಮೇಲೆ ಹತ್ತು ವರ್ಷವೂ ನಿಲ್ಲಲಿಲ್ಲ. ದಕ್ಷಿಣದಲ್ಲಿ ಅದರ ಸೇನಾಪತಿಯಾಗಿದ್ದ ಝಾವ್ ತುವೊ ತಾನೇ ರಾಜನಾದ. ಅವನ ರಾಜ್ಯವನ್ನು ಕ್ರಿ.ಪೂ. 111ರಲ್ಲಿ ಹಾನ್ ಚಕ್ರವರ್ತಿ ಗೆದ್ದಾಗ ಒಂದು ದಂಡು ಇದೇ ಲಿ ನದಿಯ ದಾರಿ ಹಿಡಿದು ಇಳಿಯಿತು. ಮುಂದೆ ಕ್ರಿ.ಶ. 1ನೆಯ ಶತಮಾನದಲ್ಲಿ ಸೇನಾಪತಿ ಮಾ ಯುವಾನ್ ಕಾಲುವೆಯನ್ನು ಸರಿ ಮಾಡಿಸಿದ ಅನ್ನುತ್ತಾರೆ.

ರಿಪೇರಿಗಳಲ್ಲಿ ನನಗೆ ತುಂಬ ಹಿಡಿಸಿದ್ದು 868ರದ್ದು. ಲಿ ಬೊ ಹಾಕಿಸಿದ ಬಾಗಿಲುಗಳು ನಾಲ್ಕು ದಶಕದಲ್ಲೇ ಹಾಳಾಗಿದ್ದವು. ಕೆಲಸ ನೋಡಿಕೊಂಡವರು ಕೈ ಜಾರಿಸಿದ್ದರು. ಕಲ್ಲು ಹಾಕಬೇಕಾದ ಕಡೆ ಬಿದಿರ ಕಟ್ಟು ತುರುಕಿ, ಒಳ್ಳೆ ಮರದ ಬದಲು ಸಿಕ್ಕ ಸಿಕ್ಕ ಕಟ್ಟಿಗೆ ಬಳಸಿದ್ದರು. ಆ ವರ್ಷ ಅಧಿಕಾರಕ್ಕೆ ಬಂದ ಯು ಮೆಂಗ್‌ವೇಯ್ ಎಲ್ಲ ಹೊಸದಾಗಿ ಮಾಡಿಸಿದ. ಕಟ್ಟೆಗೆ ದೊಡ್ಡ ಕಲ್ಲು, ಬಾಗಿಲಿಗೆ ಗಟ್ಟಿ ಮರ, ಒಟ್ಟು 18 ಬಾಗಿಲು. ಬಿದಿರ ಕಟ್ಟು ಹಾಕಕೂಡದು ಅಂತ ಕಟ್ಟಪ್ಪಣೆ ಮಾಡಿದ.

ಮುಖ್ಯ ಸಂಗತಿ ಏನೆಂದರೆ ಅವನು ಬಿಟ್ಟಿ ಕೆಲಸ ಮಾಡಿಸಲಿಲ್ಲ. ಒಳ್ಳೆಯ ಕೂಲಿ ಗೊತ್ತು ಮಾಡಿ, ಇಷ್ಟ ಇದ್ದವರು ಬನ್ನಿ ಅಂತ ಕರೆದ. ಕೆಲಸ ಮುಗಿದ ಮೇಲೆ ಲೆಕ್ಕವನ್ನೂ ಬರೆದಿಟ್ಟ. 53,000ಕ್ಕೂ ಜಾಸ್ತಿ ಆಳುದಿನ, 53 ಲಕ್ಷಕ್ಕೂ ಜಾಸ್ತಿ ನಾಣ್ಯ. ಭಾಗಿಸಿ ನೋಡಿ, ಒಂದು ಆಳುದಿನಕ್ಕೆ ಸುಮಾರು 100 ನಾಣ್ಯ ಖರ್ಚಾಗಿದೆ. ಸೈನಿಕರ ಕೈಯಲ್ಲಿ ಅಗೆಸಿದ ಕಾಲುವೆಗೆ ಸಾವಿರ ವರ್ಷದ ಮೇಲೆ ಕೂಲಿ ಕೊಟ್ಟು ಮಾಡಿಸಿದ ರಿಪೇರಿ ಇದು. ಈಗ ದೊಡ್ಡ ದೋಣಿಯನ್ನೂ ಒಬ್ಬನೇ ಸಾಗಿಸಬಹುದು ಅಂತ ಅವನು ಖುಷಿಯಿಂದ ಬರೆದಿದ್ದಾನೆ. ಅಧಿಕಾರಿ ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವಾಗ ಸ್ವಲ್ಪ ಹೆಚ್ಚೇ ಹೇಳಿರಬಹುದು. ಆದರೂ ಕೂಲಿಯ ಲೆಕ್ಕ ಬರೆದಿಟ್ಟನಲ್ಲ, ಅದು ದೊಡ್ಡದು.

ಸೋಂಗ್ ಕಾಲದಲ್ಲಿ, 1058ರ ಸುಮಾರಿಗೆ, ದಾರಿಗೆ ಅಡ್ಡ ಇದ್ದ ಬಂಡೆಗಳನ್ನು ಲಿ ಶಿಝೋಂಗ್ ಎಂಬ ಅಧಿಕಾರಿ ಬೆಂಕಿಯಿಂದ ಒಡೆಸಿದ. ಬಂಡೆಯ ಮೇಲೆ ಸೌದೆ ಒಟ್ಟಿ ಉರಿ ಹಾಕುವುದು, ಕಾದು ಬಿರಿದ ಮೇಲೆ ಉಳಿಯಿಂದ ಕಡಿಯುವುದು.

ಕೈ ಹಾಕಿ ಕೆಡಿಸಿದ ಉದಾಹರಣೆಯೂ ಇದೆ. 1396ರಲ್ಲಿ ಮಿಂಗ್ ಚಕ್ರವರ್ತಿ ಯಾನ್ ಝೆನ್‌ಝಿ ಎಂಬ ಹಿರಿಯ ಅಧಿಕಾರಿಯನ್ನು ರಿಪೇರಿಗೆ ಕಳಿಸಿದ. ಅವನು ಎಷ್ಟೋ ಒಳ್ಳೆ ಕೆಲಸ ಮಾಡಿದ. ಆದರೆ ಒಡ್ಡಿನ ಬೆನ್ನಿನ ಹುರುಪೆ ಕಲ್ಲುಗಳನ್ನು ಕೀಳಿಸಿ, ಒಡ್ಡನ್ನು ಎತ್ತರ ಮಾಡಿಸಿಬಿಟ್ಟ. ಎತ್ತರ ಮಾಡಿದರೆ ನೀರು ಜಾಸ್ತಿ ಸಿಗುತ್ತದೆ ಅಂತ ಯಾರಿಗಾದರೂ ಅನ್ನಿಸುವಂಥದ್ದೇ. ಮುಂದೆ ನೆರೆ ಬಂತು. ಒಡ್ಡಿನ ಮೇಲೆ ಹರಿದುಹೋಗಲು ನೀರಿಗೆ ದಾರಿ ಸಾಲಲಿಲ್ಲ. ಅದು ದಡ ಒಡೆದುಕೊಂಡು ಉತ್ತರದ ಕಾಲುವೆಗೆ ನುಗ್ಗಿತು. ದಕ್ಷಿಣದ ಕಾಲುವೆ ಒಣಗಿತು. ದೋಣಿ ನಿಂತವು, ಗದ್ದೆಗೂ ನೀರಿಲ್ಲ. ಕೆಲವು ವರ್ಷಗಳ ಮೇಲೆ ಎಲ್ಲವನ್ನೂ ಮೊದಲಿನ ಮಟ್ಟಕ್ಕೇ ಇಳಿಸಿ ಕಟ್ಟಬೇಕಾಯಿತು. ಗಿಡ್ಡ ಒಡ್ಡಿನ ಬೆಲೆ ಏನು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾಗಿಲ್ಲ.

ದಕ್ಷಿಣದ ಕಾಲುವೆಯ ಇನ್ನೊಂದು ಸೂಕ್ಷ್ಮ ಜಾಗ ಊರಿನ ಹತ್ತಿರದ ಏರಿ. ಅಲ್ಲಿ ಒಂದು ಕಡೆ ಕಾಲುವೆ, ಇನ್ನೊಂದು ಕಡೆ ತಗ್ಗಿನಲ್ಲಿ ಹಳೆಯ ಶಿಯಾಂಗ್ ಪಾತ್ರ. ನಡುವೆ ಬರೀ ಒಂದು ಏರಿ. ಇದು ಒಡೆದರೆ ಕಾಲುವೆಯ ನೀರೆಲ್ಲ ನದಿಗೆ. ಅದಕ್ಕೇ ಹೆಚ್ಚಿನ ನೀರು ಹೊರಗೆ ಹೋಗಲು ದಾರಿಯಲ್ಲೂ ಕೋಡಿಗಳನ್ನು ಇಟ್ಟಿದ್ದಾರೆ. ಅಲ್ಲೊಂದು ದೊಡ್ಡ ಬಂಡೆ ಇದೆ. ಹಗಲು ಕಟ್ಟಿದ ಏರಿಯನ್ನು ರಾತ್ರಿ ಒಂದು ಹಂದಿರೂಪದ ರಾಕ್ಷಸ ಕೆಡವುತ್ತಿತ್ತಂತೆ, ಈ ಬಂಡೆ ಎಲ್ಲಿಂದಲೋ ಹಾರಿ ಬಂದು ಅದನ್ನು ಅದುಮಿ ಹಾಕಿತಂತೆ. ಮೂವರು ಕುಶಲಕರ್ಮಿಗಳ ಸಮಾಧಿಯೂ ಇದೆ. ಮೊದಲ ಇಬ್ಬರು ಕೆಲಸ ಮುಗಿಸಲಾಗದೆ ತಲೆ ಕಳೆದುಕೊಂಡರು, ಮೂರನೆಯವನು ಮುಗಿಸಿದ, ಆದರೆ ಹೊಗಳಿಕೆ ತನಗೊಬ್ಬನಿಗೇ ಬೇಡವೆಂದು ಪ್ರಾಣ ಬಿಟ್ಟ ಅನ್ನುವುದು ಅಲ್ಲಿಯ ಕಥೆ. ಏರಿ ಮತ್ತೆ ಮತ್ತೆ ಒಡೆದದ್ದು, ಕೆಲಸದಲ್ಲಿ ಜನ ಸತ್ತದ್ದು ಈ ಕಥೆಗಳ ಹಿಂದೆ ಇರಬೇಕು.

ಹತ್ತಿರದಲ್ಲೇ ನಾಲ್ವರು ಹಿರಿಯರ ಗುಡಿ ಇದೆ. ಶಿ ಲು, ಮಾ ಯುವಾನ್, ಲಿ ಬೊ, ಯು ಮೆಂಗ್‌ವೇಯ್. ಅಗೆಸಿದವನು ಒಬ್ಬ, ಉಳಿದ ಮೂವರೂ ರಿಪೇರಿ ಮಾಡಿಸಿದವರು. ಚಕ್ರವರ್ತಿಗೆ ಅಲ್ಲಿ ಜಾಗ ಇಲ್ಲ. ಗುಡಿಯ ಅಂಗಳದ ಹಳೆಯ ಮರವೊಂದು ಬೆಳೆಯುತ್ತ ಬೆಳೆಯುತ್ತ ಒಂದು ಶಾಸನದ ಕಲ್ಲನ್ನು ತನ್ನ ಬುಡದಲ್ಲಿ ನುಂಗುತ್ತಿದೆ. ನೋಡಲು ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಾರೆ.

ದೋಣಿ ನಿಂತ ಮೇಲೆ

ಯುದ್ಧಕ್ಕೆ ಹುಟ್ಟಿದ ಕಾಲುವೆಯಲ್ಲಿ ಆಮೇಲೆ ಉಪ್ಪು ಹೋಯಿತು, ಅಕ್ಕಿ ಹೋಯಿತು, ಅಧಿಕಾರಿಗಳು, ವ್ಯಾಪಾರಿಗಳು, ಯಾತ್ರಿಕರು ಹೋದರು. ಉತ್ತರದ ರಾಜಧಾನಿಗಳಿಂದ ದಕ್ಷಿಣದ ಸಮುದ್ರದ ತನಕ ನೀರಿನ ಮೇಲೇ ಹೋಗುವ ಒಳನಾಡಿನ ದಾರಿಯಲ್ಲಿ ಈ 36 ಕಿಲೋಮೀಟರ್ ಕೊಂಡಿಯಾಗಿತ್ತು. ಶಿಂಗ್‌ಆನ್‌ನ ರೈತರು ಇದರ ನೀರನ್ನೇ ನಂಬಿದ್ದಾರೆ ಎಂದು ಝೋ ಚೂಫೆಯ್ 12ನೆಯ ಶತಮಾನದಲ್ಲೇ ಬರೆದಿದ್ದ.

1930ರ ದಶಕದ ಕೊನೆಗೆ ಹುನಾನ್–ಗುವಾಂಗ್‌ಶಿ ರೈಲು ದಾರಿ ಬಂತು. ಕಾಲುವೆಯಲ್ಲಿ ದಿನಗಟ್ಟಲೆ ಬಾಗಿಲು ದಾಟಿ ಹೋಗಬೇಕಾದ ಸರಕು ರೈಲಿನಲ್ಲಿ ಗಂಟೆಗಳಲ್ಲಿ ಹೋಯಿತು. ಸರಕು ದೋಣಿಗಳು ನಿಂತವು. ಆದರೆ ಗದ್ದೆಗೆ ನೀರು ನಿಲ್ಲಲಿಲ್ಲ. ಇಂದು ಲಿಂಗ್‌ಚೂ ಮುಖ್ಯವಾಗಿ ನೀರಾವರಿ ಕಾಲುವೆ. 1988ರಲ್ಲಿ ಚೀನಾ ಸರ್ಕಾರ ಇದನ್ನು ರಾಷ್ಟ್ರ ಮಟ್ಟದ ಸಂರಕ್ಷಿತ ಸ್ಮಾರಕ ಮಾಡಿತು. 2018ರಲ್ಲಿ ಅಂತರರಾಷ್ಟ್ರೀಯ ನೀರಾವರಿ ಆಯೋಗ ಇದನ್ನು ವಿಶ್ವದ ಪಾರಂಪರಿಕ ನೀರಾವರಿ ರಚನೆಗಳ ಪಟ್ಟಿಗೆ ಸೇರಿಸಿತು.

ಅದೇ ಗುವಾಂಗ್‌ಶಿಯಲ್ಲಿ 2022ರಲ್ಲಿ ಇನ್ನೊಂದು ಕಾಲುವೆಯ ಕೆಲಸ ಶುರುವಾಯಿತು. ಹೆಸರು ಪಿಂಗ್‌ಲು, ಉದ್ದ 134 ಕಿಲೋಮೀಟರ್. 5000 ಟನ್‌ನ ಹಡಗುಗಳು ಒಳನಾಡಿನ ನದಿಯಿಂದ ನೇರವಾಗಿ ದಕ್ಷಿಣದ ಸಮುದ್ರಕ್ಕೆ ಇಳಿಯಲಿ ಅನ್ನುವುದು ಉದ್ದೇಶ. ಅದೂ ಎರಡು ನದಿಗಳ ನಡುವಿನ ದಿಬ್ಬವನ್ನೇ ದಾಟಬೇಕು. 65 ಮೀಟರ್ ಇಳಿತವನ್ನು ಮೂರು ಕಡೆ ಲಾಕ್ ಹಾಕಿ ಇಳಿಸುತ್ತಾರೆ. ಒಂದೊಂದು ಹಡಗು ಇಳಿದಾಗಲೂ ಮೇಲಿನ ನೀರು ಖರ್ಚಾಗುತ್ತದೆ. ಆ ನೀರಿನಲ್ಲಿ ಒಂದು ಪಾಲನ್ನು ಹಿಡಿದಿಟ್ಟು ಮತ್ತೆ ಬಳಸಲು ಲಾಕ್‌ಗಳ ಪಕ್ಕದಲ್ಲೇ ದೊಡ್ಡ ತೊಟ್ಟಿಗಳನ್ನು ಇಡುವ ಯೋಜನೆ ಅದರಲ್ಲಿದೆ.